ಗಂಡನ ಹೆಸರಿನ ಕಾಲಂ

ನನ್ನ ಹತ್ತಿರ ಒಂದು ಡೈರಿ ಇದೆ. ಕೆಲಸಕ್ಕೆ ಬರುವ ವೆಬ್‌ಸೈಟುಗಳನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ಸಾಫ್ಟ್‌ವೇರಿನವನಾಗಿ ಪೆನ್ನು ಹಿಡಿಯುತ್ತೀಯಲ್ಲ ಎಂದು ಗೆಳೆಯರು ನಗುತ್ತಾರೆ, ನಗಲಿ. ಫೋಟೊದ ಗಾತ್ರ ಇಳಿಸುವುದು, ನಾಲ್ಕು ಕಾಗದ ಜೋಡಿಸಿ ಒಂದೇ ಪಿಡಿಎಫ್ ಮಾಡುವುದು, ಹಳೆಯ ಫಾಂಟಿನ ಕನ್ನಡವನ್ನು ಯುನಿಕೋಡಿಗೆ ತಿರುಗಿಸುವುದು, ಎಲ್ಲಕ್ಕೂ ಒಂದೊಂದು ತಾಣ ಗುರುತು ಮಾಡಿಟ್ಟಿದ್ದೇನೆ. ವಿಜಯಪುರದ ಮನೆಯಲ್ಲೇ ಕೂತು ಕೆಲಸ ಮಾಡುವ ನನಗೆ ಈ ಡೈರಿಯ ಬಗ್ಗೆ ಜಂಬವೇ ಇತ್ತು.

ಹೋದ ವರ್ಷ ಒಂದು ಶನಿವಾರ ಡೈರಿ, ಲ್ಯಾಪ್‌ಟಾಪ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ತಿಕೋಟಾದ ಸೋದರತ್ತೆಯ ಮನೆಗೆ ಹೋದೆ. ಅತ್ತೆ ತೋಟದ ದ್ರಾಕ್ಷಿಯನ್ನು ಒಣಗಿಸುತ್ತಾಳೆ. ಇಷ್ಟು ವರ್ಷ ವ್ಯಾಪಾರಿಗಳು ಬಂದು ಚೀಲಗಟ್ಟಲೆ ಒಯ್ಯುತ್ತಿದ್ದರು. ತನ್ನ ಒಣದ್ರಾಕ್ಷಿ ತಿನ್ನುವವರ ಮುಖವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಈ ಸಲ ವಿಜಯಪುರದ ಮಹಿಳಾ ಸಂತೆಯಲ್ಲಿ ತಾನೇ ಮಳಿಗೆ ಹಾಕಿ ಕೂರಬೇಕೆಂಬ ಆಸೆ. ಅರ್ಜಿ ಆನ್‌ಲೈನಿನಲ್ಲೇ ಕೊಡಬೇಕು, ಅದೂ ಅಂದು ಸಂಜೆ ಐದರೊಳಗೆ.

“ನನ್ನ ಅರ್ಜಿ ನಾನ ತುಂಬತೇನಿ. ನೀ ಬಾಜೂಕ ಕುಂದರು, ಅಷ್ಟ,” ಎಂದಳು.

ಕೀಲಿಮಣೆಯಲ್ಲಿ ಅಕ್ಷರ ಹುಡುಕುವುದು ಅವಳಿಗೆ ಆಗದ ಮಾತು. ಅದಕ್ಕೇ ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ತೆರೆದುಕೊಟ್ಟೆ. ತನ್ನ ಹೆಸರನ್ನೂ ಊರನ್ನೂ ಸಂತೆಯಲ್ಲಿ ಕೂಗುವ ದನಿಯಲ್ಲಿ ಹೇಳಿದಳು. ಪರದೆಯ ಮೇಲೆ ಅವು ತಪ್ಪಿಲ್ಲದೆ ಮೂಡಿದಾಗ ಚಪ್ಪಾಳೆ ತಟ್ಟಿದಳು. ನನಗೂ ಖುಷಿಯಾಯಿತು.

ಮುಂದಿನ ಕಾಲಂ, ಗಂಡನ ಹೆಸರು. ಅತ್ತೆ ಪರದೆಯಿಂದ ಹಿಂದೆ ಸರಿದಳು. ನಮ್ಮ ಕಡೆ ಅವಳ ವಯಸ್ಸಿನವರು ಗಂಡನ ಹೆಸರನ್ನು ಬಾಯಿಂದ ತೆಗೆಯುವುದಿಲ್ಲ. ನನ್ನ ಡೈರಿಯಲ್ಲಿ ಇದಕ್ಕೆ ಯಾವ ತಾಣವೂ ಇರಲಿಲ್ಲ. ನಾನೇ ಕೀಲಿ ಒತ್ತಿ ಹೆಸರು ತುಂಬೋಣವೆಂದು ಕೈಚಾಚಿದರೆ ಪಟ್ಟೆಂದು ಏಟು ಬಿತ್ತು. ಐದಕ್ಕೆ ಇಪ್ಪತ್ತು ನಿಮಿಷವಿತ್ತು.

ಹೊರಗೆ ಕಟ್ಟೆಯ ಮೇಲೆ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದ ಮಾವ, “ನಾ ಹೇಳ್ಲೇನ?” ಎಂದರು.

“ನೀವು ಸುಮ್ಮಕ ಕುಂದರ್ರಿ!”

ಗೋಡೆಯ ಗಡಿಯಾರವನ್ನೊಮ್ಮೆ ನೋಡಿದ ಅತ್ತೆ, ತಲೆಯ ಮೇಲೆ ಸೆರಗು ಹೊದ್ದುಕೊಂಡು ಲ್ಯಾಪ್‌ಟಾಪಿನತ್ತ ಬಾಗಿದಳು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬುಸದಲ್ಲಿ ನಮ್ಮ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲುಗಳೊಳಗೆ ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತೇವೆ. ಅತ್ತೆ ಅದನ್ನು ತವರು ಬಬಲೇಶ್ವರದಲ್ಲಿ ಕಲಿತವಳು.

“ತಿಕೋಟಾ ತ್ವಾಟದಾಗ ದ್ರಾಕ್ಷಿ ಗೊಂಚಲ, ಇಂಥವರನ್ನ ಕಂಡ್ರ ನನ್ನ ಮನಸ ಚಂಚಲ!”

ಇಲ್ಲಿ ‘ಇಂಥವರು’ ಎಂದು ಬರೆದವನು ನಾನು; ಅವಳು ಹೆಸರನ್ನೇ ಹೇಳಿದಳು. ಕಟ್ಟೆಯ ಮೇಲೆ ಮಾವನ ಕೈ ನಿಂತೇಬಿಟ್ಟಿತು. ಎರಡೂ ಸಾಲು ಇದ್ದ ಹಾಗೆಯೇ ಕಾಲಮ್ಮಿಗೆ ಇಳಿದವು. ಅರ್ಜಿ ಕೆಂಪಗಾಗಿ, ಹೆಸರು ತೀರಾ ಉದ್ದವಾಗಿದೆ ಎಂದಿತು. ನಾನು ಹೊಟ್ಟೆ ಹಿಡಿದು ನಕ್ಕೆ.

“ಹಲ್ಲ ಕಿಸೀಬ್ಯಾಡ ಲೇ, ಅಳಸೂದು ಹ್ಯಾಂಗ ಹೇಳು.”

ತೋರಿಸಿಕೊಟ್ಟೆ. ದ್ರಾಕ್ಷಿ ಹೋಯಿತು, ಗೊಂಚಲು ಹೋಯಿತು. ಒಂದೊಂದೇ ಅಕ್ಷರ ಅಳಿಸುತ್ತ ಎರಡೂ ಬದಿಯಿಂದ ಒಳಗೆ ಬಂದಳು. ಕೊನೆಗೆ ಮಾವನ ಹೆಸರೊಂದೇ ಉಳಿಯಿತು. ಅದನ್ನು ಒಂದು ಗಳಿಗೆ ನೋಡಿದಳು.

“ಬರೇ ಹೆಸರ ಬಾಯಾಗ ತಗೀಲಿಲ್ಲ ನೋಡು ನಾ,” ಎಂದವಳೇ ಅರ್ಜಿ ಕಳಿಸುವ ಗುಂಡಿ ಒತ್ತಿದಳು. ಐದಕ್ಕೆ ಇನ್ನೂ ಎರಡು ನಿಮಿಷವಿತ್ತು.

ಮುಂದೆ ಮಳಿಗೆಯೂ ಸಿಕ್ಕಿತು. ತಿನ್ನುವವರ ಮುಖ ನೋಡನೋಡುತ್ತ ಅತ್ತೆ ಹಿಡಿ ಹಿಡಿ ರುಚಿಗೇ ಹಂಚಿದಳು. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸಂಜೆಯೇ. ಅತ್ತೆ ಚಹಾಕ್ಕಿಡಲು ಒಳಗೆ ಹೋದ ಮೇಲೆ ಮಾವ ಮೆಲ್ಲಗೆ ಬಂದು ನನ್ನ ಪಕ್ಕ ಕೂತರು. ಖಾಲಿ ಪರದೆಯನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ಇಕಿ ತುಂಬುವಂಥಾದ್ದು ಇನ್ನೊಂದು ಅರ್ಜಿ ಇಲ್ಲೇನೋ, ಯಪ್ಪಾ?”