ಆಯಿ ಹೇಳದೆ ಇಟ್ಟುಕೊಂಡ ಹೆಸರು

ಶಾವಿಗೆ ಹೊಸೆದು ಹೊಸೆದು ಆಯಿಯ ಬಲಗೈ ಹೆಬ್ಬೆರಳು ಒಂದು ಕಡೆ ಸವೆದು ನುಣುಪಾಗಿತ್ತು. ಮಸ್ಕಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಆಕೆಯದು; ಓಣಿಯವರೆಲ್ಲ ಆಯಿ ಅಂತಲೇ ಕರೆಯುತ್ತಿದ್ದರು. ಪ್ಲೇಗಿನಲ್ಲಿ ಗಂಡನನ್ನೂ ಅವನ ಮನೆಯವರನ್ನೂ ಕಳೆದುಕೊಂಡು ಸಿಂಧನೂರು ಕಡೆಯ ಹಳ್ಳಿಯಿಂದ ಬಂದವಳು. ತನ್ನವರು ಅಂತ ಯಾರೂ ಇರಲಿಲ್ಲ.

ಬಾಯಿ ಮಾತ್ರ ಜೋರು. ಬೇಸಿಗೆಯಲ್ಲಿ ಶಾವಿಗೆಗೆ ಓಣಿಯ ಹೆಂಗಸರು ಸೇರಿದರೆ, ಹೊಸ ಸೊಸೆಯರಿಂದ ಒಡಪು ಹಾಕಿಸಿ, ಪದದೊಳಗೆ ಗಂಡನ ಹೆಸರು ಹೇಳಿಸದೆ ಬಿಡುತ್ತಿರಲಿಲ್ಲ. ನನ್ನನ್ನೂ ಅಳುವ ತನಕ ಕಾಡಿದ್ದಳು. ಒಡಪಿನಲ್ಲಿ ಬಿಟ್ಟರೆ ಗಂಡನ ಹೆಸರು ನಾಲಿಗೆಗೆ ತರಬಾರದು ಅನ್ನುವ ಕಾಲ ಅದು. "ನಿಮ್ಮವರ ಹೆಸರೇನ್ರೀ ಆಯಿ?" ಅಂದರೆ, "ದಿನಾ ದೀಪ ಹಚ್ಚುವಾಗ ಮನಸಿನ್ಯಾಗ ಅಂತೀನಿ. ನಿಮಗ್ಯಾಕಬೇ?" ಅನ್ನುತ್ತಿದ್ದಳು.

ಹೊಟ್ಟೆಯ ಗಡ್ಡೆ ಬಲಿತಾಗ ನಾವೇ ಗಾಡಿ ಕಟ್ಟಿಸಿ ಲಿಂಗಸೂಗೂರಿನ ದವಾಖಾನೆಗೆ ಒಯ್ದೆವು. ನಿಜಾಮರ ಕಾಲದಲ್ಲಿ ಆಪರೇಷನ್ ಅಂದರೆ ಜನ ನಡುಗುತ್ತಿದ್ದರು. ಆಯಿ ಹೆದರಲಿಲ್ಲ. ಗಾಯವೂ ಚೆಂದ ಮಾಯಿತು.

ಎದ್ದ ಆಯಿ ಮಾತ್ರ ಬೇರೆ. ಮೊದಮೊದಲು ನನ್ನನ್ನೇ ತನ್ನ ಅವ್ವ ಅಂದುಕೊಂಡಳು. ಊರಿಗೆ ಬಂದ ಮೇಲೆ ಗುರುತು ಹಿಡಿದಳು, ಆದರೆ ಒಲೆಯ ಮೇಲೆ ಇಟ್ಟದ್ದು ಮರೆತು ಹೊಸ್ತಿಲಲ್ಲಿ ಕೂತುಬಿಡುವಳು. ಲಿಂಗಸೂಗೂರಿಗೆ ಹೋಗಿ ಡಾಕ್ಟರ್ ಸಾಹೇಬರನ್ನು ಕೇಳಿದೆ. "ವಯಸ್ಸಾದವರಿಗೆ ಕೊಯ್ದಮ್ಯಾಲೆ ಒಮ್ಮೊಮ್ಮೆ ಹಿಂಗಾಗ್ತದಮ್ಮ. ಕೆಲವರಿಗೆ ತಿರುಗಿ ಬರ್ತದ, ಕೆಲವರಿಗಿಲ್ಲ" ಅಂದರು.

ಒಂದು ಸಂಜೆ ಹಚ್ಚದ ದೀಪದ ಮುಂದೆ ಕೂತಿದ್ದಳು.

"ದವಾಖಾನ್ಯಾಗ ಮೂಗಿಗೆ ಔಷಧದ ಅರಿವಿ ತುಂಡು ಹಿಡಿದಾಗ ಅವರ ಹೆಸರು ಅನ್ಕೋತ ಮಲಗಿದ್ದೆ. ಎದ್ದಾಗ ಅದು ಇಲ್ಲ. ನಿನಗ ಗೊತ್ತೈತೇನು?"

ನನಗೆಲ್ಲಿಂದ ಗೊತ್ತಿರಬೇಕು? ನೆನಪಿಗೆ ಬಂದ ಹೆಸರೆಲ್ಲ ಹೇಳಿದೆ. ಬಸಪ್ಪ, ಮಲ್ಲಪ್ಪ, ಅಮರಪ್ಪ. ಒಂದೊಂದಕ್ಕೂ ಆಸೆಯಿಂದ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದಳು. ಅಲ್ಲಿಯ ತನಕ ಆಯಿ ಒಬ್ಬಳೇ ಅಂತ ನನಗೆ ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು.

ನಮ್ಮ ಮನೆಯವರು ಆಕೆಯ ಗಂಡನೂರಿಗೆ ಹೋಗಿ ಕೇಳಿಬಂದರು. "ಆ ಮನಿತನ ಇತ್ತಂತ. ಹೆಸರು ಯಾರಿಗೂ ನೆನಪಿಲ್ಲ."

ಆಯಿ ಅಳಲಿಲ್ಲ. ನನ್ನ ಕೈ ಹಿಡಿದು ಅಂದಳು: "ಬಾಯಿಬಿಟ್ಟು ಒಮ್ಮೆರ ಅಂದಿದ್ರ, ನಿನ್ನ ಕಿವಿಯಾಗರ ಉಳೀತಿತ್ತು."

ಆ ಮಳೆಗಾಲ ಆಕೆ ದಾಟಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಅಂಗಳದಲ್ಲಿ ನಿಂತಿದ್ದ ನನ್ನ ಗಂಡನನ್ನು, ಅತ್ತೆಯ ಎದುರಿಗೇ, ಹೆಸರು ಹಿಡಿದು ಕರೆದೆ. ಅತ್ತೆ ಬೈದರು. ಮತ್ತೊಮ್ಮೆ, ಓಣಿಗೆಲ್ಲ ಕೇಳುವಂತೆ ಕರೆದೆ.