ಗಲ್ಲಕ್ಕೆ ಕೈ ಹಚ್ಚಿದ ಅವ್ವ

ಅವ್ವನ ಎಡಗೆನ್ನೆಯ ಮೇಲೆ ಮೂರು ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಮುಕ್ಕಾಲು ಗಂಟೆ ಅವಳು ಗಲ್ಲಕ್ಕೆ ಕೈ ಹಚ್ಚಿ, ಕಿಟಕಿಯ ಬಳಿ ಅಲುಗದೆ ಕೂತಿದ್ದಳು, ನಾನು ಬರೆಯುತ್ತಿದ್ದ ಚಿತ್ರಕ್ಕಾಗಿ.

ನಾನಾಗ ಔರಂಗಾಬಾದಿನಲ್ಲಿ ಎಂ.ಎ. ಓದುತ್ತ, ಸಂಜೆ ಚಿತ್ರಕಲೆಯ ತರಗತಿಗೂ ಹೋಗುತ್ತಿದ್ದೆ. ಮನೆಯವರೊಬ್ಬರು ಯೋಚನೆಯಲ್ಲಿರುವ ಭಾವಚಿತ್ರವನ್ನು ಸೋಮವಾರ ತರಬೇಕೆಂದು ಸರ್ ಹೇಳಿದ್ದರು. ಅದು ಒಪ್ಪಿಗೆಯಾದರಷ್ಟೇ ಮುಂದಿನ ವರ್ಗ. ಕೆನ್ನೆಗೆ ಆನಿಸಿದ ಕೈ ಎಂದರೆ ಚಿಂತನೆ, ಕೆಳಗಿಳಿದ ದೃಷ್ಟಿ ಎಂದರೆ ಮನಸ್ಸು ಒಳಗೆ ತಿರುಗಿದೆ ಎಂದು ಬರೆದುಕೊಂಡು, ಶನಿವಾರ ನಾಸಿಕದ ಮನೆಗೆ ಬಂದಿದ್ದೆ.

ಅಪ್ಪನ ತಾಯಿ, ನಮ್ಮ ಅಜ್ಜಿ, ದೇವರ ಕೋಣೆಯಿಂದ ಬಂದವಳು ಹಾಳೆ ನೋಡಿ ಬಾಗಿಲಲ್ಲೇ ನಿಂತಳು.

"ಏನವಾ ಇದು! ನನ್ನ ಮಗ ಗುಂಡುಕಲ್ಲಿನಂಗ ಪಿಂಪಳಗಾಂವ್ ಬ್ಯಾಂಕಿನ್ಯಾಗ ಕುಂತಾನ. ಅವನ ಹೆಂಡ್ತಿನ್ನ ಗಲ್ಲಕ್ಕ ಕೈ ಹಚ್ಚಿ ಕುಂದರಿಸೀಯಲ್ಲ!"

ನಮ್ಮಲ್ಲಿ ಹಾಗೆ ಕೂರುವುದು ಸಾವಾದ ಮನೆಯಲ್ಲಿ ಮಾತ್ರ. ಚಿಕ್ಕವಳಿದ್ದಾಗ ನನ್ನ ಕೈಯನ್ನೂ ಅಜ್ಜಿ ಎಷ್ಟೋ ಸಲ ಕೆನ್ನೆಯಿಂದ ಕಿತ್ತಿದ್ದಳು. ಗೊತ್ತಿದ್ದೂ ಮರೆತಿದ್ದೆ.

"ವಿಚಾರ ಮಾಡಾಕತ್ತಾಳಜ್ಜಿ, ಅಳಾಕತ್ತಿಲ್ಲ."

"ವಿಚಾರ ಮಾಡಾಕ ಕೈ ಯಾಕ ಬೇಕು? ತಲಿ ಏನು ಕಳಚಿ ಬೀಳತೈತೇನು?"

ಅವ್ವ ನಕ್ಕುಬಿಟ್ಟಳು. "ಅಳಿಸಿಬಿಡವಾ. ನನಗೂ ಒಳಗೊಳಗ ಅಂಜಿಕಿ ಇತ್ತು. ನೀ ಕೇಳಿದಿ ಅಂತ ಕುಂತೆ."

ಅಷ್ಟು ಹೊತ್ತೂ ಅಂಜಿಕೊಂಡೇ ಕೂತಿದ್ದಳೆಂದು ತಿಳಿದ ಮೇಲೆ ರಬ್ಬರ್ ಹುಡುಕಲು ತಡವಾಗಲಿಲ್ಲ. ಕೈ ಹೋಯಿತು, ವಾಲಿದ ತಲೆ ಹಾಗೇ ಉಳಿಯಿತು. ಚಿತ್ರದ ಅವ್ವ ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವಳಂತೆ ಕಂಡಳು.

"ಈಗ ಖರೇ ನಿಮ್ಮವ್ವ ಆದಳು ನೋಡು," ಎಂದಳು ಅಜ್ಜಿ.

ನನಗೆ ನಗುವೂ ಬಂತು, ಸೋಮವಾರದ ಚಿಂತೆಯೂ ಹತ್ತಿತು. "ಹಂಗಾರ ನೀ ವಿಚಾರ ಯಾವಾಗ ಮಾಡ್ತಿ?" ಎಂದು ಅವ್ವನನ್ನು ಕೇಳಿದೆ.

"ಕುಂತು ಮಾಡಾಕ ಯಾರಿಗೆ ಪುರಸತ್ತೈತಿ? ಕೆಲಸದಾಗ ಬಂದು ಹೋಗತೈತಿ, ಬಿಡು."

ಮರುದಿನ ಮುಂಜಾನೆ ಅವ್ವ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯಪಲ್ಯ ಸೋಸುತ್ತ, ಸೊಪ್ಪಿನ ಎಲೆ ಬಿಡಿಸುತ್ತಿದ್ದಳು. ಒಂದು ಕಡ್ಡಿ ಹಿಡಿದ ಕೈ ನಡುವೆಯೇ ನಿಂತಿತು. ಕಣ್ಣು ಪಲ್ಯದ ಮೇಲಿದ್ದರೂ ಅದನ್ನು ನೋಡುತ್ತಿರಲಿಲ್ಲ. ಔರಂಗಾಬಾದಿಗೆ ಹೋಗುವ ಗಾಡಿಗೆ ಇನ್ನೂ ಎರಡು ತಾಸಿತ್ತು. ನಾನು ಕರೆಯಲಿಲ್ಲ. ಬಾಗಿಲ ಬಳಿ ಸದ್ದಿಲ್ಲದೆ ಕೂತು, ಹೊಸ ಹಾಳೆಯಲ್ಲಿ ಮೊದಲು ಆ ಕೈಯನ್ನೇ ಬರೆದೆ.