ನಾಹೀದಾ ಟೀಚರ್ ಮಾತಿಲ್ಲದೆ ಕಲಿಸಿದ ದಿನಗಳು

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲೂ ಮಂಗಳೂರೆಂಬ ಊರಿದೆ; ಅದರ ಹತ್ತಿರದ ಹಳ್ಳಿ ಶಾಲೆಯಲ್ಲಿ ನಾಹೀದಾ ಟೀಚರ್ ಆರನೆಯ ತರಗತಿಗೆ ಗಣಿತ ಹೇಳುತ್ತಿದ್ದರು. ಲೆಕ್ಕವನ್ನು ಅವರು ಮನೆಯಲ್ಲಿ ಮೊದಲೇ ಬಿಡಿಸಿಕೊಂಡು ಬರುತ್ತಿರಲಿಲ್ಲ. ಪುಸ್ತಕದಲ್ಲಿಲ್ಲದ ಒಂದು ಲೆಕ್ಕವನ್ನು ಮಕ್ಕಳಿಂದಲೇ ಕಟ್ಟಿಸಿ, ಹಲಗೆಯ ಮುಂದೆ ನಿಂತು, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬಿಡಿಸುತ್ತಿದ್ದರು.

"ತಡೀರಿ, ಏನು ಗೊತ್ತೈತಿ? ಏನು ಕೇಳ್ಯಾರ? ಯಾ ಅಲ್ಲಾ, ಇಲ್ಲಿ ಸಿಕ್ಕೊಂಡೆ ನೋಡ್ರಿ. ಹಿಂದ ಹೋಗೂಣು."

ದಸರಾ ರಜೆ ಮುಗಿಯುವ ಹೊತ್ತಿಗೆ ಅವರ ದನಿ ಒಡೆಯಿತು. ಗಂಟಲಲ್ಲಿ ಸಣ್ಣ ಗಂಟಾಗಿದೆ, ಮೂರು ವಾರ ಪಿಸುಮಾತೂ ಬೇಡ ಎಂದರು ಕೊಪ್ಪಳದ ಡಾಕ್ಟರು. ಹೆಡ್ಮಾಸ್ಟರ್ ಅಂದಪ್ಪನವರು ರಜೆ ಹಾಕಲು ಹೇಳಿದರು. ಟೀಚರ್ ಬೇಡವೆಂದು ತಲೆಯಾಡಿಸಿ, ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ನಡೆದರು.

ಅಂದು ಮಕ್ಕಳು ಕಟ್ಟಿದ್ದು ಬೇಲಿಯ ಲೆಕ್ಕ. ಹಿತ್ತಲಿಗೆ ನಲವತ್ತೆಂಟು ಮೀಟರ್ ತಂತಿ, ಹಿತ್ತಲಿನ ಉದ್ದ ಅಗಲದ ಎರಡರಷ್ಟು, ಅಗಲ ಎಷ್ಟು? ಟೀಚರ್ ಹಲಗೆಯ ಮೇಲೆ ಒಂದು ಚೌಕ ಬರೆದು ನಿಂತುಬಿಟ್ಟರು. ಬಾಯಿ ಮುಚ್ಚಿಕೊಂಡು ಯೋಚಿಸುವುದು ಅವರಿಗೆ ರೂಢಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು. ತಾವು ಬರಬಾರದಿತ್ತೇನೋ ಅನ್ನಿಸಿತು.

ಹಿಂದಿನ ಸಾಲಿನಿಂದ ಕರಿಯವ್ವ ಎದ್ದಳು. ಹಾಜರಿ ಕೂಗಿದಾಗಲೂ ಕೈ ಮಾತ್ರ ಎತ್ತುತ್ತಿದ್ದ ಹುಡುಗಿ.

"ತಡೀರಿ ಟೀಚರ್. ಉದ್ದ ಹೆಚ್ಚೈತಿ. ಚೌಕ ಆಗಂಗಿಲ್ರಿ."

ಟೀಚರ್ ಚೌಕ ಅಳಿಸಿ ಉದ್ದನೆಯ ಆಯತ ಬರೆದರು.

"ಅಗಲಾ ಗೊತ್ತಿಲ್ಲ. ಅದಕ್ಕ ಒಂದು ಪಾಲು ಅನ್ನೂಣು. ಉದ್ದಕ್ಕ ಎರಡು ಪಾಲು." ಕರಿಯವ್ವ ತಡವರಿಸಿದಳು. "ಯಾ ಅಲ್ಲಾ, ಇಲ್ಲಿ ಸಿಕ್ಕೊಂಡೆ!"

ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ಗಂಟಲ ಮೇಲೆ ಕೈಯಿಟ್ಟುಕೊಂಡು ಸದ್ದಿಲ್ಲದೆ ನಕ್ಕರು. ನಗುತ್ತಲೇ ಗವಿಸಿದ್ದೇಶ ಎಂಬ ಹುಡುಗ ಕೂಗಿದ: "ಬೇಲಿ ಸುತ್ತ ಹಾಕಬೇಕಲ್ಲ! ಎರಡೂ ಕಡೆ ಎಣಿಸು, ಆರು ಪಾಲು!" ನಲವತ್ತೆಂಟನ್ನು ಆರರಿಂದ ಭಾಗಿಸಿ ಎಂಟು ಎಂದು ಎಲ್ಲರೂ ಒಟ್ಟಿಗೇ ಅಂದರು. ತಮ್ಮ ತಲೆಯೊಳಗಿನ ಮಾತನ್ನು ಇಷ್ಟು ಬಾಯಿಗಳಲ್ಲಿ ಕೇಳುತ್ತ ಟೀಚರ್ ಹಲಗೆಯ ಮೇಲೆ ಎಂಟು ಎಂದು ದೊಡ್ಡದಾಗಿ ಬರೆದರು.

ಮುಂದೆ ಪ್ರತಿದಿನವೂ ಮಕ್ಕಳು ಹೇಳಿದರು, ಟೀಚರ್ ಬರೆದರು.

ಹದಿನೈದು ದಿನ ಕಳೆದ ಮೇಲೆ ಕರಿಯವ್ವನ ತಾಯಿ ಕನಕಮ್ಮ ಗಾಬರಿಯಿಂದ ಶಾಲೆಗೆ ಬಂದಳು. ಟೀಚರ್‌ಗೆ ಕಿವಿಯೂ ಕೇಳದೆಂದುಕೊಂಡು ಗಟ್ಟಿಯಾಗಿ ಕೂಗಿದಳು: "ನಮ್ಮ ಹುಡುಗಿ ಒಲಿ ಮುಂದ ಕುಂತು ಒಬ್ಬಾಕಿನ ಮಾತಾಡಾಕತ್ಯಾಳ್ರಿ! ಗಾಳಿಗೀಳಿ ಬಡದೈತೇನು?"

ಟೀಚರ್ ಆಕೆಯ ಕೈ ಹಿಡಿದು ಕೂರಿಸಿದರು. ಅಂದಪ್ಪನವರು ಉತ್ತರ ಕೊಟ್ಟರು: "ಏನೂ ಆಗಿಲ್ಲವ್ವ. ಮಗಳು ಯೋಚನಿ ಮಾಡಾಕ ಕಲ್ತಾಳ."

"ಅಷ್ಟೊಂದು ಜೋರಾಗೇನು?"

"ನಮ್ಮ ಟೀಚರ್ ಕಲಿಸೋದ ಹಂಗವ್ವ."

ಕನಕಮ್ಮ ಟೀಚರ್ ಮುಖವನ್ನೇ ನೋಡಿದಳು. "ಈಕಿಗೆ ಮಾತ ಇಲ್ಲಲ್ರಿ, ಪಾಪ," ಎಂದು ಅವರ ಕೆನ್ನೆ ಸವರಿದಳು.

ಮಾರನೆಯ ದಿನ ಕರಿಯವ್ವ ಜ್ಯೇಷ್ಠಮಧುವಿನ ಎರಡು ಕಡ್ಡಿ ತಂದು ಮೇಜಿನ ಮೇಲಿಟ್ಟಳು. "ಅವ್ವ ಕೊಟ್ಟಾಳ್ರಿ. ಬಾಯಾಗ ಇಟ್ಕೊಂಡ್ರ ದನಿ ಬರ್ತೈತಂತ."

ಮೂರು ವಾರ ಕಳೆದು ದನಿ ಬಂತು, ತುಸು ಒರಟಾಗಿ, ತಗ್ಗಾಗಿ. ಪೂರ್ತಿ ಗುಣವಾದ ಮೇಲೂ ನಾಹೀದಾ ಟೀಚರ್ ಲೆಕ್ಕದ ಅರ್ಧಕ್ಕೆ ಸುಮ್ಮನಾಗಿ, ಮಕ್ಕಳ ಕಡೆ ತಿರುಗಿ ನಿಲ್ಲುತ್ತಿದ್ದರು.